ಗುಡ್ಡ ಸುತ್ತಿ ಬಂದ ಗಂಗೆ

ಮದುವೆಯ ಶಾಸ್ತ್ರ ದೊಮ್ಮಲೂರಿನಲ್ಲಿ ಯಾರಿಗೆ ಚೆನ್ನಾಗಿ ಗೊತ್ತು ಎಂದು ಯಾರನ್ನಾದರೂ ಕೇಳಿ ನೋಡಿ. ಪುರೋಹಿತರ ಹೆಸರಿಗಿಂತ ಮೊದಲು ಪಾಪಮ್ಮ ಎಂಬ ನನ್ನ ಹೆಸರು ಬರುತ್ತದೆ. ಬರದಿದ್ದರೆ ನಾನೇ ಪಕ್ಕದಲ್ಲಿ ನಿಂತು ಜ್ಞಾಪಿಸುತ್ತೇನೆ! ಹಸೆಯ ಮೇಲೆ ಯಾವ ಕಾಲು ಮೊದಲು ಇಡಬೇಕು, ಬೀಗರ ಎಲೆಗೆ ಉಪ್ಪು ಯಾವ ಮೂಲೆಗೆ ಬಡಿಸಬೇಕು, ಎಲ್ಲವನ್ನೂ ನಮ್ಮತ್ತೆ ನನಗೆ ಹೇಳಿಕೊಟ್ಟಿದ್ದಾರೆ. ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಿಲ್ಲ, ಒಂದು ಮಾತು ಬಿಟ್ಟಿಲ್ಲ. ಉಪ್ಪಿನಕಾಯಿ ಜಾಡಿಯ ಹಾಗೆ ಬಾಯಿಗೆ ಬಟ್ಟೆ ಕಟ್ಟಿ ಕಾಪಾಡಿಕೊಂಡು ಬಂದಿದ್ದೇನೆ.

ಅಂಥ ನನ್ನ ಎದುರಿಗೆ ನನ್ನ ಮಗ ಅಂಜನಮೂರ್ತಿ, ಅವನ ಮಗಳು ಯಶೋದೆಯ ಮದುವೆಗೆ ಚಪ್ಪರ ಹಾಕಿಸುತ್ತಾ ನಿಂತವನು, ಒಂದು ಮಾತು ಆಡಿದ.

"ಅಮ್ಮ, ಈ ಸಲ ಗಂಗೆ ನಮ್ಮ ಬಾವಿಯಿಂದಲೇ ತಂದ್ಬಿಡೋಣ."

ನನ್ನ ಮೈಯೆಲ್ಲ ಉರಿದು ಹೋಯಿತು.

ಗಂಗೆ ತರುವುದೆಂದರೆ ಏನೆಂದು ತಿಳಿಯದವರಿಗಾಗಿ ಹೇಳುತ್ತೇನೆ. ಮದುಮಗಳಿಗೆ ನೀರು ಹಾಕುವುದಕ್ಕೆ ಮೊದಲು, ಚಪ್ಪರದಲ್ಲಿ ಕಳಸ ಇಡುವುದಕ್ಕೆ, ನಮ್ಮ ಮನೆಯವರು ಜೇನುಗುಡ್ಡದ ಮೇಲಿರುವ ಅಕ್ಕಮ್ಮನ ಬುಗ್ಗೆಯಿಂದ ಒಂದು ಬಿಂದಿಗೆ ನೀರು ತರಬೇಕು. ಊರಿನ ಮೂಡಲಿಗೆ, ಒಂದೂವರೆ ಮೈಲಿ ನಡಿಗೆ. ಬಂಡೆಯ ಸಂದಿನಿಂದ ಬರುವ ನೀರು. ಎಂಥ ಬಿರುಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಅದಕ್ಕೆ ಮೂರು ಕಟ್ಟಳೆ. ತುಂಬಿದ ಬಿಂದಿಗೆಯನ್ನು ಮನೆ ಸೇರುವ ತನಕ ನೆಲಕ್ಕೆ ಇಡಬಾರದು. ಹೋದ ದಾರಿಯಲ್ಲಿ ಬರಬಾರದು, ಗುಡ್ಡವನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿ ಬರಬೇಕು. ಮತ್ತು ಬಿಂದಿಗೆ ಹೊತ್ತವಳು ದಾರಿಯುದ್ದಕ್ಕೂ ಬಾಯಿ ತೆರೆಯಬಾರದು. ಒಂದು ತಪ್ಪಿದರೂ ಮದುಮಗಳ ಸಂಸಾರ ಅರ್ಧಕ್ಕೇ ಒಡೆಯುತ್ತದೆ. ಇದು ನಮ್ಮತ್ತೆಯ ಮಾತು.

"ನಾನು ಬದುಕಿರುವಾಗ ಬಾವಿ ನೀರಾ? ಬಾವಿ ನೀರಲ್ಲಿ ಎಮ್ಮೆ ತೊಳಿ!" ಎಂದೆ.

"ಅಮ್ಮ, ಗುಡ್ಡದ ಆ ಕಡೆ ಮಿಲ್ಟ್ರಿಯವರು ಬಂದು ಕೂತಿದ್ದಾರೆ. ತಮಟೆ ಬಾರಿಸ್ಕೊಂಡು ಜನ ಹೋಗೋ ಹಾಗಿಲ್ಲ."

"ತಮಟೆ ಬೇಡ, ಜನ ಬೇಡ. ನಾನು, ನನ್ನ ಸೊಸೆ, ಒಂದು ಬಿಂದಿಗೆ. ಓಲಗದವರು ಪೀಪಿ ಒದ್ದೆ ಮಾಡಿಕೊಳ್ಳೋದರೊಳಗೆ ಬಂದಿರ್ತೀವಿ."

"ಹೋಗೋದಾದ್ರೆ ಒಂದು ಮಾತು ಕೇಳಮ್ಮ. ಅಲ್ಲಿ ಕೆಂಪು..."

"ಕೆಂಪು ಸೀರೆ ಉಡಿಸೋದಿಲ್ಲ ಕಣೋ, ಹಸಿರು ಸೀರೆ! ಗಂಗೆಗೆ ಹೋಗೋರು ಹಸಿರು ಉಡಬೇಕು. ನನಗೇ ಶಾಸ್ತ್ರ ಹೇಳ್ಕೊಡ್ತೀಯಾ?"

ಅವನು ತಲೆ ಚಚ್ಚಿಕೊಂಡು ಒಳಗೆ ಹೋದ. ಹೆಂಡತಿಯ ಹತ್ತಿರ ಏನೋ ಗುಸುಗುಸು ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ನಾನು ಮಾತಾಡುತ್ತಿದ್ದೆ.

ಅವಸರಕ್ಕೂ ಕಾರಣವಿತ್ತು. ಗಂಡು ಕೆ.ಆರ್. ಪುರದವನು, ವಿಮಾನದ ಕಾರ್ಖಾನೆಯಲ್ಲಿ ಕೆಲಸ. ಜಪಾನಿನವರು ಬರ್ಮಾಕ್ಕೆ ನುಗ್ಗಿದ ವರ್ಷ ಅದು. ಕಾರ್ಖಾನೆಯಲ್ಲಿ ಹಗಲೂ ರಾತ್ರಿ ಕೆಲಸ. ಅತ್ತೂ ಕರೆದೂ ಎರಡು ದಿನ ರಜ ತಂದಿದ್ದ. ಬಿಸಿಲು ಏರುವುದರೊಳಗೆ ಕಳಸ ಇಡಬೇಕು, ಇಲ್ಲದಿದ್ದರೆ ಆಷಾಢ ಕಳೆಯುವ ತನಕ ಮುಹೂರ್ತವಿಲ್ಲ ಎಂದು ಪುರೋಹಿತರು ಹೇಳಿದ್ದರು. ಅಷ್ಟರಲ್ಲಿ ಹುಡುಗನನ್ನು ಯಾವ ದೇಶಕ್ಕೆ ಕಳಿಸುತ್ತಾರೋ! ಬೀಗಿತ್ತಿಯಂತೂ ಹಿಂದಿನ ದಿನವೇ ಬಂದು ಚಪ್ಪರದ ಕಂಬಕ್ಕೆ ಒರಗಿ ಕೂತು, "ನಿಮ್ಮ ಮನೆ ಶಾಸ್ತ್ರ ಬಹಳ ಗಟ್ಟಿ ಅಂತೆ, ನೋಡೋಣ" ಎಂದಿದ್ದಳು. ಆ "ನೋಡೋಣ" ನನಗೆ ಮುಳ್ಳಿನ ಹಾಗೆ ಚುಚ್ಚಿತ್ತು.

ಬೆಳಕು ಹರಿಯುತ್ತಲೇ ಹೊರಟೆವು. ಮುಂದೆ ನಾನು, ಹಿಂದೆ ಸೊಸೆ ಆದಿಲಕ್ಷ್ಮಿ. ಬಿಂದಿಗೆ ಅವಳದು. ಗಂಡ ಹೋದ ಮೇಲೆ ಗಂಗೆಯ ಬಿಂದಿಗೆ ಮುಟ್ಟುವ ಯೋಗ ನನಗಿಲ್ಲ. ದಾರಿ ತೋರಿಸುವುದಕ್ಕೆ ಅಡ್ಡಿಯಿಲ್ಲವಲ್ಲ! ಸೀಗೆಯ ಪೊದೆ ದಾಟಿ, ಹೊಂಗೆಯ ತೋಪು ದಾಟಿ, ಬಂಡೆಗೆ ಕೊರೆದ ಮೆಟ್ಟಿಲು ಹತ್ತಿದೆವು. ಮೇಲಿನಿಂದ ನೋಡಿದರೆ ಹಲಸೂರು ಕೆರೆ ಮಂಜಿನಲ್ಲಿ ಮಲಗಿತ್ತು. ಅದರ ಆಚೆಗೆ ದಂಡಿನ ಕಡೆಯ ಚರ್ಚಿನ ಗೋಪುರ, ಮಸೀದಿಯ ಮಿನಾರು. ಗಾಳಿಯಲ್ಲಿ ಹೊಂಗೆ ಹೂವಿನ ವಾಸನೆ. ಆದಿಲಕ್ಷ್ಮಿ ಎರಡು ಸಲ "ಅತ್ತೆ, ನಿಮ್ಮ ಮಗ ಹೇಳಿದ್ರು..." ಎಂದಳು. ಎರಡು ಸಲವೂ ನಾನು ನನ್ನ ನಾದಿನಿಯ ಮದುವೆಯಲ್ಲಿ ಇದೇ ದಾರಿಯಲ್ಲಿ ಹೇಗೆ ಬಂದೆವು ಎಂಬ ಕಥೆಯ ನಡುವೆ ಇದ್ದೆ.

ಬುಗ್ಗೆಯ ಹತ್ತಿರ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿ, ಅವಳು ಬಿಂದಿಗೆಯನ್ನು ನೀರಿಗೆ ಹಿಡಿದಳು. ಬಿಂದಿಗೆ ಗುಳುಗುಳು ಎನ್ನುತ್ತಿತ್ತು.

"ಅತ್ತೆ, ಸುತ್ತಿ ಹೋಗೋ ಮೊದಲು ಒಂದು ಮಾತು. ಆ ಕಡೆ ಏನಾದ್ರೂ..."

"ಶ್! ತುಂಬಿತು!" ಎಂದೆ. "ಇನ್ನು ಬಾಯಿ ಬಿಟ್ಟೆಯೋ, ನಿನ್ನ ಮಗಳ ಸಂಸಾರ!"

ಅವಳು ಬಾಯಿ ಮುಚ್ಚಿದಳು. ಸಿಂಬಿಯ ಮೇಲೆ ಬಿಂದಿಗೆ ಏರಿಸಿಕೊಂಡಳು. ತುಟಿ ಬಿಗಿ ಹಿಡಿದಿದ್ದಳು, ಕಣ್ಣು ಮಾತ್ರ ಏನೋ ಹೇಳುತ್ತಿತ್ತು. ಕಣ್ಣಿನ ಮಾತು ಕೇಳುವ ಅಭ್ಯಾಸ ನನಗಿಲ್ಲ.

ಗುಡ್ಡದ ಬೆನ್ನನ್ನು ಬಳಸಿಕೊಂಡು ಆ ಕಡೆಗೆ ತಿರುಗುತ್ತಲೇ ಒಂದು ಕೋಲಿನ ತುದಿಯಲ್ಲಿ ಕೆಂಪು ಬಾವುಟ ಹಾರಾಡುತ್ತಿದ್ದುದು ಕಾಣಿಸಿತು. ನನಗೆ ಭಕ್ತಿ ಉಕ್ಕಿ ಬಂತು.

"ನೋಡೇ, ಗುಡ್ಡದ ಮುನೇಶ್ವರನಿಗೆ ಯಾರೋ ಪುಣ್ಯಾತ್ಮರು ಹೊಸ ಬಾವುಟ ಕಟ್ಟಿಸಿದ್ದಾರೆ! ಮಿಲ್ಟ್ರಿಯವರು ಬಂದರೂ ದೇವರನ್ನ ಮರೆತಿಲ್ಲ."

ಆದಿಲಕ್ಷ್ಮಿ ಗಕ್ಕನೆ ನಿಂತಳು. ಒಂದು ಕೈಯಲ್ಲಿ ಬಿಂದಿಗೆ ಹಿಡಿದು ಇನ್ನೊಂದು ಕೈಯಿಂದ ಬಾವುಟವನ್ನು ತೋರಿಸಿದಳು. ತಲೆ ಅಲ್ಲಾಡಿಸುವ ಹಾಗಿಲ್ಲ, ಮೇಲೆ ಗಂಗೆ ಇದ್ದಾಳೆ. ಕಣ್ಣುಗುಡ್ಡೆಗಳನ್ನೇ ಅತ್ತಿತ್ತ ಆಡಿಸಿದಳು.

"ನಿನಗೆ ಕೈ ಮುಗಿಯೋಕೆ ಆಗಲ್ಲ ಅಂತಾನಾ? ಇರು, ನಿನ್ನ ಪಾಲಿಂದೂ ನಾನೇ ಮುಗೀತೀನಿ" ಎಂದು ಎರಡು ಸಲ ಮುಗಿದೆ.

ಅವಳು ಕಾಲು ನೆಲಕ್ಕೆ ಅಪ್ಪಳಿಸಿದಳು. ಒಂದು ಬೆರಳು ಮುಂದೆ ಚಾಚಿ, ಅದನ್ನು ಮಡಿಸಿ, ಎದೆ ಹಿಡಿದುಕೊಂಡು ಕಣ್ಣು ಮುಚ್ಚಿ ತೋರಿಸಿದಳು.

"ಒಂದು? ಒಂದು ಕಾಯಿ ಒಡೆಸಬೇಕು ಅಂತ ಮನಸ್ಸಿಗೆ ಬಂತಾ? ಎದೆ ತುಂಬಿ ಬಂತಾ? ಆಗಲಿ ಬಿಡು, ಮದುವೆ ಮುಗೀಲಿ, ಒಡೆಸೋಣ."

ಅವಳು ಬಿಂದಿಗೆ ಸಮೇತ ದಾರಿಯ ನಡುವೆ ಕೂತುಬಿಟ್ಟಳು! ಬಿಂದಿಗೆ ತಲೆಯ ಮೇಲೇ ಇತ್ತು, ಸದ್ಯ ನೆಲ ಮುಟ್ಟಿರಲಿಲ್ಲ. ಆದರೆ ಬಿಸಿಲು ಬಂಡೆಯ ನೆತ್ತಿಗೆ ಬಂದಿತ್ತು.

"ಏಳೇ! ಕಾಲು ನೋವಾ? ಮುಳ್ಳು ಹೆಟ್ಟಿತಾ? ಈಗ ಮುನಿಸಿಕೊಂಡು ಕೂರೋ ಹೊತ್ತಾ? ಬೀಗಿತ್ತಿ ಕಂಬ ಬಿಡದೆ ಕಾಯ್ತಿದ್ದಾಳೆ!"

ಅವಳ ಕಣ್ಣಲ್ಲಿ ನೀರು ತುಂಬಿತು. ಬಾಯಿ ಅರ್ಧ ತೆರೆದಳು. ಅದೇ ಹೊತ್ತಿಗೆ ಕೆಳಗೆ ಊರಿನಿಂದ ಓಲಗದ ಸದ್ದು ಸಣ್ಣಗೆ ಕೇಳಿಸಿತು. ಮಗಳಿಗೆ ಅರಿಶಿನ ಹಚ್ಚುವುದಕ್ಕೆ ಶುರು ಮಾಡಿದ್ದರು. ತೆರೆದ ಬಾಯಿಯನ್ನು ಸೆರಗಿನಿಂದ ಒತ್ತಿ ಮುಚ್ಚಿಕೊಂಡಳು. ಎದ್ದಳು. ನನ್ನನ್ನು ಬಂಡೆಯ ಮಗ್ಗುಲಿಗೆ ತಳ್ಳಿ, ಬಗ್ಗಿಕೊಂಡು ನಡೆ ಎಂದು ಕೈಯಲ್ಲಿ ಸನ್ನೆ ಮಾಡಿದಳು.

"ಅತ್ತೆಯನ್ನ ತಳ್ತೀಯಾ? ಬರಲಿ ನಿನ್ನ ಗಂಡ, ಹೇಳ್ತೀನಿ" ಎನ್ನುತ್ತಾ ಇನ್ನೂ ನೆಟ್ಟಗೆ ನಡೆದೆ.

ಠಪ್!

"ಯಾರೋ ಕಾಯಿ ಒಡೆದರು ನೋಡು" ಎಂದೆ.

ಠಪ್ ಠಪ್ ಠಪ್! ನನ್ನ ಮುಂದಿದ್ದ ಬಂಡೆಯಿಂದ ಒಂದು ಚಕ್ಕೆ ಹಾರಿ ನನ್ನ ಸೀರೆಯ ನೆರಿಗೆಗೆ ಬಡಿಯಿತು. ಇಷ್ಟು ಕಾಯಿ ಒಡೆಸುವ ಭಕ್ತ ದೊಮ್ಮಲೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅದು ಮುನೇಶ್ವರನ ಬಾವುಟವಲ್ಲ. ಗುಂಡು ಹೊಡೆಯುವುದನ್ನು ಕಲಿಸುವ ಬಯಲಿನ ಬಾವುಟ!

ನಾನು ನೆಲಕ್ಕೆ ಅಂಟಿಕೊಂಡೆ. ಪಕ್ಕದಲ್ಲಿ ನನ್ನ ಸೊಸೆ ಮೊಣಕಾಲೂರಿ, ಎರಡೂ ಕೈಯಿಂದ ಬಿಂದಿಗೆಯನ್ನು ತಲೆಯ ಮೇಲೆ ಹಿಡಿದು ಕೂತಿದ್ದಳು. ತಲೆಯ ಮೇಲೆ ಗುಂಡು ಹಾರುತ್ತಿದೆ, ಒಂದು "ಅಯ್ಯೋ" ಅನ್ನಲಿಲ್ಲ ಆ ತಾಯಿ! ಬಿಂದಿಗೆಯ ನೀರು ನಡುಗುತ್ತಿತ್ತು, ಅವಳ ತುಟಿ ಬಿಚ್ಚಲಿಲ್ಲ. ಅವಳ ಪಾಲಿನ ಕೂಗನ್ನೂ ನಾನೇ ಕೂಗಿದೆ. ಹಲಸೂರಿಗೆ ಕೇಳಿಸಿರಬೇಕು.

ಸೀಟಿಯ ಸದ್ದಾಯಿತು. ಗುಂಡು ನಿಂತಿತು. ಖಾಕಿ ತೊಟ್ಟ ಸಿಪಾಯಿಯೊಬ್ಬ ಬಂದೂಕು ಹಿಡಿದು ಏದುಸಿರು ಬಿಡುತ್ತಾ ಓಡಿ ಬಂದ.

"ಹಾಲ್ಟ್! ಯಾರು ಅಲ್ಲಿ? ಅರೇ ಅಲ್ಲಾ, ಹೆಂಗಸರು! ಅಮ್ಮಾ, ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮಗೆ? ಬಾವುಟ ಕಾಣ್ಲಿಲ್ವಾ?"

"ಕಂಡಿತಪ್ಪ. ಕೈ ಮುಗಿದೆ" ಎಂದೆ.

ಅವನು ಹಣೆ ಒರೆಸಿಕೊಂಡ. ಹೆಸರು ಖಾದರ್ ಅಂತೆ, ದಂಡಿನ ಬ್ಲಾಕ್‌ಪಳ್ಳಿಯ ಹುಡುಗ. ಹೊಸದಾಗಿ ಸೇರಿದವನು ಎಂದು ಮುಖವೇ ಹೇಳುತ್ತಿತ್ತು. ಅವನು ಆದಿಲಕ್ಷ್ಮಿಯ ಕಡೆ ತಿರುಗಿದ.

"ನೀನು ಹೇಳಮ್ಮ, ಯಾರು ನೀವು? ಬಿಂದಿಗೆಯಲ್ಲಿ ಏನಿದೆ?"

ಅವಳು ಸುಮ್ಮನೆ ನೋಡಿದಳು.

"ಯಾಕೆ ಮಾತಾಡಲ್ಲ? ಮೂಗಿಯಾ?"

"ಇಲ್ಲಪ್ಪ, ಮಾತು ಬರುತ್ತೆ. ಆಡೋ ಹಾಗಿಲ್ಲ."

"ಆಡೋ ಹಾಗಿಲ್ವಾ?" ಅವನ ದನಿ ಬದಲಾಯಿತು. ಬಂದೂಕನ್ನು ಸ್ವಲ್ಪ ಎತ್ತಿ ಹಿಡಿದ. "ಮಾತು ಬರೋರು ಮಾತಾಡಲ್ಲ ಅಂದ್ರೆ ಜಪಾನ್ ಕಡೆಯೋರು ಅಂತ ನಮ್ಮ ಸುಬೇದಾರ್ ಹೇಳ್ಕೊಟ್ಟಿದ್ದಾರೆ. ಬಿಂದಿಗೆ ಕೆಳಗಿಡಿಸಿ!"

"ಕೆಳಗಿಡಬಾರದು!" ಎಂದು ನಾನು ಚೀರಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಬಿಂದಿಗೆಯಲ್ಲಿ ಬಾಂಬಿದೆ ಎಂದುಕೊಂಡನಂತೆ ಪಾಪ.

ಕೈ ಮುಗಿದು ಮದುವೆಯ ಕಥೆಯನ್ನೆಲ್ಲ ಹೇಳಿದೆ. ಅವನು ಬಗ್ಗಿ ಬಿಂದಿಗೆಯ ಕೊರಳಿನ ಅರಿಶಿನದ ದಾರ ನೋಡಿದ, ಆದಿಲಕ್ಷ್ಮಿಯ ಕಣ್ಣೀರು ನೋಡಿದ, ಬಂದೂಕು ಹೆಗಲಿಗೆ ಹಾಕಿದ.

"ಸರಿ ಅಮ್ಮಾ. ಬಂದ ದಾರೀಲಿ ಓಡಿ ಹೋಗ್ಬಿಡಿ. ದೊರೆ ನೋಡಿದ್ರೆ ನನ್ನ ಚರ್ಮ ಸುಲೀತಾನೆ."

"ಬಂದ ದಾರಿಯಲ್ಲಿ ಹೋಗಬಾರದಪ್ಪ."

"ಯಾ ಖುದಾ! ಮುಂದೆ ಮುಳ್ಳುತಂತಿ ಬೇಲಿ ಇದೆ ಅಮ್ಮಾ!"

"ಬೇಲಿ ದಾಟಬಾರದು ಅಂತ ನಮ್ಮತ್ತೆ ಹೇಳಿಲ್ಲ."

ಅವನು ಆಕಾಶ ನೋಡಿದ, ಬಾವುಟ ನೋಡಿದ, ಆಮೇಲೆ ನಮ್ಮನ್ನು ಬೇಲಿಯ ತನಕ ಕರೆದುಕೊಂಡು ಹೋಗಿ ಕೆಳಗಿನ ತಂತಿಯನ್ನು ಬೂಟಿನಿಂದ ಮೆಟ್ಟಿ, ಮೇಲಿನ ತಂತಿಯನ್ನು ಎತ್ತಿ ಹಿಡಿದ. ನಾನು ಹೇಗೋ ನುಸುಳಿದೆ. ಸೊಸೆ ನುಸುಳಬೇಕಾದರೆ ಬಿಂದಿಗೆಯನ್ನು ಯಾರಾದರೂ ಹಿಡಿಯಬೇಕು.

"ನೀವೇ ಆ ಕಡೆಯಿಂದ ಹಿಡ್ಕೊಳ್ಳಿ ಅಮ್ಮಾ."

"ನಾನು ಮುಟ್ಟೋ ಹಾಗಿಲ್ಲ. ನನಗೆ ಗಂಡ ಇಲ್ಲ."

"ನನಗೆ ಹೆಂಡತೀನೇ ಇಲ್ಲ! ನಾನು ಮುಟ್ಟಬಹುದಾ?"

ನಾನು ಯೋಚಿಸಿದೆ. ನಮ್ಮತ್ತೆ ಹೇಳಿದ ಒಂದೊಂದು ಮಾತನ್ನೂ ಜ್ಞಾಪಿಸಿಕೊಂಡೆ. ಸಿಪಾಯಿಗಳ ವಿಷಯ ಅದರಲ್ಲಿ ಎಲ್ಲೂ ಬಂದಿರಲಿಲ್ಲ.

"ಹಿಡಿಯಪ್ಪ. ನೆಲಕ್ಕೆ ಮಾತ್ರ ಇಡಬೇಡ."

ತಂತಿ ಹಿಡಿಯುವುದಕ್ಕೆ ಅವನಿಗೆ ಎರಡು ಕೈಯೂ ಬೇಕಲ್ಲ. ಟೋಪಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಂಬಿ ಇಟ್ಟು, ಬಿಂದಿಗೆಯನ್ನು ತಲೆಯ ಮೇಲೇ ಹೊತ್ತುಕೊಂಡ! ಆದಿಲಕ್ಷ್ಮಿ ಅರ್ಧ ನುಸುಳಿದ್ದಳು, ಸೆರಗು ಮುಳ್ಳಿಗೆ ಸಿಕ್ಕಿತ್ತು. ಆಗ ಬಂತು ಮೋಟಾರು ಸೈಕಲ್ಲಿನ ಸದ್ದು.

ದೊರೆ! ಮೆಣಸಿನಕಾಯಿಯ ಬಣ್ಣದ ಮುಖ, ಪೊರಕೆಯಂಥ ಮೀಸೆ.

ಖಾದರ್ ತಂತಿ ಬಿಟ್ಟು ನೆಟ್ಟಗೆ ನಿಂತ. ಅಷ್ಟರಲ್ಲಿ ಸೊಸೆ ಈಚೆಗೆ ಉರುಳಿದ್ದಳು, ಸೆರಗಿನ ತುಂಡೊಂದು ಸರ್ಕಾರದ ಬೇಲಿಯಲ್ಲೇ ಉಳಿಯಿತು. ಸಿಪಾಯಿಯಾದವನು ದೊರೆಗೆ ಸಲಾಮು ಹೊಡೆಯಬೇಕು. ಹೊಡೆದ. ಬಡಿದ ಬೂಟಿಗೆ ಗಂಗೆ ತುಳುಕಿದಳು! ಹಣೆಗೆ ಹೋಗಬೇಕಾದ ಕೈ ದಾರಿಯಲ್ಲೇ ಮನಸ್ಸು ಬದಲಾಯಿಸಿ ವಾಲುತ್ತಿದ್ದ ಬಿಂದಿಗೆಯನ್ನು ಹಿಡಿಯಿತು. ನೀರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕಣ್ಣು ಮಿಟುಕಿಸದೆ ನಿಂತಿದ್ದ. ಬೇಲಿಯ ಆಚೆ ನನ್ನ ಮೊಮ್ಮಗಳ ಸಂಸಾರ ಒಬ್ಬ ಬ್ಲಾಕ್‌ಪಳ್ಳಿ ಹುಡುಗನ ತಲೆಯ ಮೇಲೆ ಅಲ್ಲಾಡುತ್ತಿತ್ತು.

"ವಾಟ್ ಈಸ್ ದಟ್?"

"ವಾಟರ್ ಸಾರ್! ಮ್ಯಾರೇಜ್ ವಾಟರ್ ಸಾರ್!"

"ಯುವರ್ ಮ್ಯಾರೇಜ್?"

"ನೋ ಸಾರ್! ನಾಟ್ ಯೆಟ್ ಸಾರ್!"

ದೊರೆ ನಮ್ಮನ್ನು ನೋಡಿದ. ಹರಿದ ಹಸಿರು ಸೀರೆಯ ಸೊಸೆ ತುಟಿ ಕಚ್ಚಿ, ಎರಡು ಕೈಯನ್ನೂ ಬಿಂದಿಗೆಯ ಕಡೆಗೆ ಚಾಚಿ ನಿಂತಿದ್ದಳು. ಮೀಸೆ ಒಂದು ಸಲ ಅಲುಗಿತು. ನಗುವೋ ಸಿಟ್ಟೋ ತಿಳಿಯುವ ಮೊದಲೇ ಮುಖ ಆ ಕಡೆ ತಿರುಗಿಸಿ ಏನೋ ಗುಡುಗಿದ.

"ಏನಂದ?" ಎಂದು ಪಿಸುಗುಟ್ಟಿದೆ.

"ಅವನು ಮತ್ತೆ ಈ ಕಡೆ ತಿರುಗಿದಾಗ ನಾವು ಯಾರೂ ಇಲ್ಲಿ ಇರಬಾರದಂತೆ" ಎಂದು ಖಾದರ್ ಬೇಲಿಯ ಮೇಲಿಂದ ಬಿಂದಿಗೆ ದಾಟಿಸಿದ. "ಓಡಿ ಅಮ್ಮಾ! ಮಗಳಿಗೆ ನನ್ನ ದುವಾ ಹೇಳಿ!"

ಓಡಿದೆವು. ಆ ವಯಸ್ಸಿನಲ್ಲಿ ನನ್ನ ಕಾಲುಗಳಿಗೆ ಅಷ್ಟು ವೇಗ ಎಲ್ಲಿತ್ತೋ! ಚಪ್ಪರಕ್ಕೆ ಬಂದಾಗ ಪುರೋಹಿತರು ಪಂಚಾಂಗ ಮಡಚುವುದಕ್ಕೆ ಕೈ ಹಾಕಿದ್ದರು. ಬೀಗಿತ್ತಿ ಕಂಬ ಬಿಟ್ಟು ಎದ್ದು ನಿಂತಿದ್ದಳು. ಆದಿಲಕ್ಷ್ಮಿ ನೇರ ಒಳಗೆ ನುಗ್ಗಿ, ಹರಡಿದ ಅಕ್ಕಿಯ ಮೇಲೆ ಬಿಂದಿಗೆ ಇಳಿಸಿದಳು. ಓಲಗ ಮೊಳಗಿತು. ಕಳಸ ಕೂತಿತು. ನನ್ನ ಯಶೋದೆ ಅರಿಶಿನದ ಮುಖದಲ್ಲಿ ನಕ್ಕಳು.

ನಾನು ಬೆವರು ಒರೆಸಿಕೊಂಡು, ಬೀಗಿತ್ತಿಯ ಕಡೆ ಗೆದ್ದ ನೋಟ ಬೀರಿ, "ನೋಡಿದ್ರಾ?" ಎನ್ನುವಷ್ಟರಲ್ಲಿ ಸೊಸೆಯ ಬಾಯಿಯ ಕಟ್ಟೆ ಒಡೆಯಿತು.

"ಅದು ಮುನೇಶ್ವರನ ಬಾವುಟ ಅಲ್ಲ ಅತ್ತೇ! ಕೆಂಪು ಬಾವುಟ ಕಂಡ್ರೆ ಹಿಂದಕ್ಕೆ ಬಂದ್ಬಿಡಿ ಅಂತ ನಿಮ್ಮ ಮಗ ಹೇಳಿದ್ರು! ಹೇಳೋಕೆ ಬಂದ್ರೆ ನೀವು ನನ್ನ ಪಾಲಿಂದೂ ಕೈ ಮುಗಿದ್ರಿ! ಗುಂಡು ಅಂತ ತೋರಿಸಿದ್ರೆ ಕಾಯಿ ಅಂದ್ರಿ!"

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದವರು ಮುನಿವೆಂಕಟಮ್ಮ, ನನ್ನ ಗಂಡನ ಅಕ್ಕ. ಆ ಮನೆಯಲ್ಲೇ ಹುಟ್ಟಿ ಬೆಳೆದವರು. ಕುಟ್ಟುವುದನ್ನು ನಿಲ್ಲಿಸಿ ಕೇಳಿದರು.

"ಅಲ್ಲವೇ ಹುಡುಗಿ, ತಲೆ ಮೇಲೆ ಗುಂಡು ಹಾರೋವಾಗ ಬಾಯಿ ಬಿಟ್ಟು ಹೇಳೋಕೆ ನಿನಗೇನು ಧಾಡಿ?"

"ಹೊತ್ತವಳು ಮಾತಾಡಬಾರದಲ್ಲ ದೊಡ್ಡತ್ತೆ. ಹೋದ ದಾರೀಲಿ ಬರಬಾರದಲ್ಲ. ಶಾಸ್ತ್ರ ಅಲ್ವಾ?"

"ಯಾರ ಶಾಸ್ತ್ರವೇ? ನೆಲಕ್ಕೆ ಇಡಬಾರದು, ಅಷ್ಟೇ ಶಾಸ್ತ್ರ. ಹೋದ ದಾರೀಲಿ ಆಗ ಹೆಂಡದಂಗಡಿ ಇತ್ತು. ನಮ್ಮಪ್ಪ ಬರೋವಾಗ ತಮಟೆಯವರನ್ನೂ ಕರ್ಕೊಂಡು ಅಲ್ಲೇ ಕೂತ್ಬಿಡ್ತಿದ್ದ. ಅದಕ್ಕೆ ನಮ್ಮಮ್ಮ ಗುಡ್ಡ ಸುತ್ತಿಸಿ ಕರ್ಕೊಂಡು ಬರ್ತಿದ್ಳು."

"ಮತ್ತೆ ಮಾತಾಡಬಾರದು ಅನ್ನೋದು?" ಎಂದು ಕೇಳಿದವಳು ಬೀಗಿತ್ತಿ. ಅವಳ ಕಣ್ಣು ಹೊಳೆಯುತ್ತಿತ್ತು.

ಮುನಿವೆಂಕಟಮ್ಮ ನನ್ನನ್ನು ನೋಡಿ ಬೊಚ್ಚುಬಾಯಲ್ಲಿ ನಕ್ಕರು.

"ಅದಾ? ಈ ಪಾಪಮ್ಮ ಹೊಸ ಸೊಸೆಯಾಗಿ ಬಂದ ವರ್ಷ, ನನ್ನ ತಂಗಿ ಮದುವೆಗೆ ಗಂಗೆ ತರೋಕೆ ಇವಳನ್ನ ಕರ್ಕೊಂಡು ಹೋದ್ವಿ. ಹೋಗೋವಾಗ ಗುಡ್ಡ ಹತ್ತೋ ತನಕ ಬಾಯಿ ಮುಚ್ಚಲಿಲ್ಲ. ನಮ್ಮಮ್ಮನ ತಲೆ ಸಿಡಿದು ಹೋಯ್ತು. ಬಿಂದಿಗೆ ಇವಳ ತಲೆ ಮೇಲಿಟ್ಟು, ಇನ್ನು ಮಾತಾಡಿದ್ರೆ ಮದುಮಗಳ ಸಂಸಾರ ಒಡೆಯುತ್ತೆ ಅಂತ ಅಂದುಬಿಟ್ಟಳು. ಅವತ್ತಿಂದ ಶಾಸ್ತ್ರ!"

ಓಲಗದವನು ಪೀಪಿ ಬಾಯಿಂದ ತೆಗೆದು ನಕ್ಕ. ಪುರೋಹಿತರು ಪಂಚಾಂಗದಲ್ಲಿ ಮುಖ ಮುಚ್ಚಿಕೊಂಡರು. ಬೀಗಿತ್ತಿ ಕಂಬ ತಬ್ಬಿಕೊಂಡು ನಕ್ಕಳು. ಇಷ್ಟು ವರ್ಷ ಬಾಯಿಗೆ ಬಟ್ಟೆ ಕಟ್ಟಿ ಕಾಪಾಡಿದ ಜಾಡಿಯಲ್ಲಿ ಇದ್ದದ್ದು ನನ್ನದೇ ಬಾಯಿ!

ಆದಿಲಕ್ಷ್ಮಿ ಮಾತ್ರ ನಗಲಿಲ್ಲ. ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ ನಿಧಾನವಾಗಿ ಹೇಳಿದಳು.

"ಶಾಸ್ತ್ರ ಬಿಡೋದು ಬೇಡ ದೊಡ್ಡತ್ತೆ, ಒಳ್ಳೇದೇ. ಒಂದು ಸಣ್ಣ ತಿದ್ದುಪಡಿ ಸಾಕು. ಇನ್ಮೇಲೆ ಮಾತಾಡಬಾರದ್ದು ಬಿಂದಿಗೆ ಹೊತ್ತವಳಲ್ಲ, ದಾರಿ ತೋರಿಸೋವಳು."

ಎರಡನೆಯ ಮೊಮ್ಮಗಳ ಮದುವೆ ಯುದ್ಧ ಮುಗಿದ ಮೇಲೆ ಆಯಿತು. ಸಿಪಾಯಿಗಳೂ ಇರಲಿಲ್ಲ, ಬಾವುಟವೂ ಇರಲಿಲ್ಲ. ಆದಿಲಕ್ಷ್ಮಿ ಬಿಂದಿಗೆ ಹೊತ್ತು ಕಥೆ ಹೇಳಿಕೊಂಡು ನಡೆದಳು. ಮುಂದೆ ನಾನು, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು, ಮೂಗಿನಲ್ಲೇ ಉಸಿರಾಡಿಕೊಂಡು ಗುಡ್ಡ ಸುತ್ತಿ ಬಂದೆ. ಹೊಟ್ಟೆಯಲ್ಲಿ ಉಳಿದ ಮಾತೆಲ್ಲ ಇಲ್ಲಿ ಬರೆದಿದ್ದೇನೆ. ಬರೆಯಬಾರದು ಎಂಬ ಶಾಸ್ತ್ರವನ್ನು ಸೊಸೆ ಇನ್ನೂ ಮಾಡಿಲ್ಲ!